ಆಟ ನೋಡುವವರನ್ನೂ ಬಿಸಿಲು ಬಡಿಯುತ್ತದೆ

1986ರ ಸೆಪ್ಟೆಂಬರ್‌ನಲ್ಲಿ ಮದರಾಸಿನ ಚೆಪಾಕ್ ಕ್ರೀಡಾಂಗಣದಲ್ಲಿ ಭಾರತ ಮತ್ತು ಆಸ್ಟ್ರೇಲಿಯ ತಂಡಗಳ ನಡುವೆ ನಡೆದ ಟೆಸ್ಟ್ ಪಂದ್ಯ ‘ಟೈ’ ಆದದ್ದು ಕ್ರಿಕೆಟ್ ಬಲ್ಲ ಹಿರಿಯರಿಗೆಲ್ಲ ನೆನಪಿದೆ. ಆ ಪಂದ್ಯದಲ್ಲಿ ಡೀನ್ ಜೋನ್ಸ್ ಎಂಟು ಗಂಟೆಗೂ ಹೆಚ್ಚು ಕಾಲ ಬ್ಯಾಟ್ ಮಾಡಿ 210 ರನ್ ಗಳಿಸಿದರು. ಸೆಕೆ ತಾಳಲಾರದೆ ಮೈದಾನದಲ್ಲಿಯೇ ವಾಂತಿ ಮಾಡಿಕೊಂಡರು. ಕೊನೆಗೆ ಅವರನ್ನು ಆಸ್ಪತ್ರೆಗೆ ಸೇರಿಸಿ ಸಲೈನ್ ಕೊಡಬೇಕಾಯಿತು. ಬಿಸಿಲು ಮತ್ತು ಆಟದ ಮಾತು ಬಂದಾಗಲೆಲ್ಲ ಈ ಕಥೆಯನ್ನು ಹೇಳುತ್ತಾರೆ. ಆದರೆ ಆ ದಿನ ಅದೇ ಬಿಸಿಲಿನಲ್ಲಿ, ಅದೇ ಸೆಕೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತಿದ್ದ ಸಾವಿರಾರು ಪ್ರೇಕ್ಷಕರ ವಿಚಾರವನ್ನು ಯಾರೂ ಕೇಳುವುದಿಲ್ಲ.

ಆಟಗಾರನಿಗೆ ಗಂಟೆಗೊಮ್ಮೆ ಪಾನೀಯ ಬರುತ್ತದೆ. ಊಟದ ವಿರಾಮದಲ್ಲಿ ನೆರಳು ಸಿಗುತ್ತದೆ. ತಂಡದ ಜೊತೆಗೊಬ್ಬ ವೈದ್ಯ ಇರುತ್ತಾನೆ. ಅಲ್ಲದೆ ಆತ ಇಪ್ಪತ್ತು ಮೂವತ್ತರ ವಯಸ್ಸಿನ, ದಿನವೂ ಬಿಸಿಲಿನಲ್ಲಿ ಪಳಗಿದ ಗಟ್ಟಿ ದೇಹದವನು. ನೋಡಲು ಬಂದವರಲ್ಲಿ ಮಕ್ಕಳಿದ್ದಾರೆ, ಸಕ್ಕರೆ ಕಾಯಿಲೆಯ ಅಜ್ಜನಿದ್ದಾರೆ, ರಕ್ತದೊತ್ತಡದ ಮಾತ್ರೆ ನುಂಗಿ ಬಂದ ಅತ್ತೆ ಇದ್ದಾರೆ. ಒಮ್ಮೆ ಒಳಗೆ ಹೋದರೆ ಟಿಕೆಟಿನ ದುಡ್ಡಿನ ಮೋಹಕ್ಕೆ ಕೊನೆಯವರೆಗೂ ಏಳುವವರಿಲ್ಲ. ಈಗಂತೂ ಐಪಿಎಲ್ ಪಂದ್ಯಗಳು ನಡೆಯುವುದೇ ಬಿರುಬೇಸಿಗೆಯಲ್ಲಿ, ಶಾಲೆಗಳಿಗೆ ರಜೆ ಇರುವಾಗ. ಜಿಲ್ಲೆ ತಾಲ್ಲೂಕುಗಳ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳ ಕಾಲವೂ ಅದೇ. ಮನೆಮಂದಿಯೆಲ್ಲ ಹೊರಡುವ ಮೊದಲು ಬಿಸಿಲಿನ ವಿಷಯವಾಗಿ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಇದು ಬರಿಯ ಹೆದರಿಕೆಯ ಮಾತಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್‌ಘರ್‌ನಲ್ಲಿ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆಂದು ಬಯಲಿನಲ್ಲಿ ಕುಳಿತವರ ಪೈಕಿ 14 ಮಂದಿ ಬಿಸಿಲಿನ ಹೊಡೆತಕ್ಕೆ ಸತ್ತರು. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದಲ್ಲಿ ವಾಯುಪಡೆಯ ವಿಮಾನ ಪ್ರದರ್ಶನ ನೋಡಲು ಲಕ್ಷಾಂತರ ಜನ ಸೇರಿದ್ದಾಗ ಐವರು ತೀರಿಕೊಂಡರು, ಹಲವರು ಆಸ್ಪತ್ರೆ ಸೇರಿದರು. ಅಕ್ಟೋಬರ್ ಎಂದರೆ ಚೆನ್ನೈಗೆ ಕಡು ಬೇಸಿಗೆಯೇನೂ ಅಲ್ಲ ಎಂಬುದನ್ನು ಗಮನಿಸಬೇಕು. ಇವೆರಡೂ ಆಟದ ಪಂದ್ಯಗಳಲ್ಲ, ನಿಜ. ಆದರೆ ತೆರೆದ ಜಾಗದಲ್ಲಿ, ಜನಸಂದಣಿಯ ನಡುವೆ, ಗಂಟೆಗಟ್ಟಲೆ ಎದ್ದುಹೋಗಲಾರದೆ ಕುಳಿತ ದೇಹಕ್ಕೆ ಮುಂದೆ ನಡೆಯುತ್ತಿರುವುದು ಕ್ರಿಕೆಟ್ಟೋ ಭಾಷಣವೋ ವಿಮಾನವೋ ಎಂಬ ಭೇದವಿಲ್ಲ.

ಸುಮ್ಮನೆ ಕುಳಿತರೂ ಶಾಖ

ಮನುಷ್ಯನ ದೇಹ ಒಂದು ಸಣ್ಣ ಒಲೆ. ಏನೂ ಮಾಡದೆ ಕುಳಿತಿದ್ದರೂ ಅದು ಸುಮಾರು 100 ವಾಟ್‌ನ ಬಲ್ಬಿನಷ್ಟು ಶಾಖವನ್ನು ಹುಟ್ಟಿಸುತ್ತಲೇ ಇರುತ್ತದೆ. ಮೂವತ್ತು ಸಾವಿರ ಜನ ಒತ್ತಾಗಿ ಕುಳಿತ ಕ್ರೀಡಾಂಗಣವೆಂದರೆ ಅಷ್ಟು ಬಲ್ಬುಗಳನ್ನು ಒಟ್ಟಿಗೆ ಹೊತ್ತಿಸಿಟ್ಟಂತೆ. ಒಳಗಿನ ಶಾಖ ಹೊರಗೆ ಹೋಗುತ್ತಿದ್ದರೆ ದೇಹದ ಉಷ್ಣತೆ 37 ಡಿಗ್ರಿ ಸೆಲ್ಷಿಯಸ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೋಗದಿದ್ದರೆ ಏರುತ್ತದೆ.

ಹೊರಗೆ ಹೋಗುವ ದಾರಿಗಳು ಕೆಲವೇ. ಸುತ್ತಲ ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಶಾಖ ತಾನಾಗಿಯೇ ಗಾಳಿಗೆ ಇಳಿದುಹೋಗುತ್ತದೆ. ಆದರೆ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿಯ ಉಷ್ಣತೆ ಅದನ್ನು ಮೀರಿದೊಡನೆ ವ್ಯವಹಾರ ತಿರುಗುಮುರುಗಾಗಿ, ಗಾಳಿಯೇ ನಮ್ಮನ್ನು ಕಾಯಿಸತೊಡಗುತ್ತದೆ. ಆಗ ಉಳಿಯುವುದು ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೊಕ್ಯಾಲರಿ ಶಾಖ ಹೊರಹೋಗುತ್ತದೆ. ಮಣ್ಣಿನ ಹೂಜಿಯಲ್ಲಿಟ್ಟ ನೀರು ತಂಪಾಗುವುದೂ ಇದೇ ಕಾರಣದಿಂದ.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ತಂಪು ಮಾಡುವುದು ಬೆವರಲ್ಲ, ಬೆವರು ಆರುವುದು. ಹನಿಹನಿಯಾಗಿ ತೊಟ್ಟಿಕ್ಕಿ ಕೆಳಗೆ ಬಿದ್ದ ಬೆವರಿನಿಂದ ನೀರು ಮತ್ತು ಉಪ್ಪು ನಷ್ಟವೇ ಹೊರತು ಲಾಭವಿಲ್ಲ. ಮಂಗಳೂರು, ಚೆನ್ನೈಗಳಂಥ ಕಡಲತೀರದ ಊರುಗಳಲ್ಲಿ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಆದ್ದರಿಂದಲೇ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆಗೆ ಬಯಲುಸೀಮೆಯಲ್ಲಿ 40 ಡಿಗ್ರಿಯನ್ನು ಗಡಿಯಾಗಿ ಇಟ್ಟುಕೊಂಡರೆ, ಕರಾವಳಿಯಲ್ಲಿ 37 ಡಿಗ್ರಿಯನ್ನೇ ಗಡಿಯಾಗಿ ಇಟ್ಟುಕೊಂಡಿದೆ. ಕಲಬುರಗಿ, ರಾಯಚೂರುಗಳ ಕಡೆ ಒಣಗಾಳಿ. ಅಲ್ಲಿ ಬೆವರು ಬೇಗ ಆರುತ್ತದೆ. ಎಷ್ಟು ಬೇಗ ಎಂದರೆ ತಾನು ಬೆವರುತ್ತಿದ್ದೇನೆಂಬುದೇ ಮನುಷ್ಯನಿಗೆ ತಿಳಿಯದೆ ಮೈಯ ನೀರು ಬತ್ತುತ್ತದೆ. ಒಂದೊಂದು ಕಡೆಯದು ಒಂದೊಂದು ಬಗೆಯ ಅಪಾಯ.

ಬೆವರಿನ ಜೊತೆಗೆ ಹೃದಯಕ್ಕೂ ಕೆಲಸ ಹೆಚ್ಚುತ್ತದೆ. ಒಳಗಿನ ಶಾಖವನ್ನು ಚರ್ಮಕ್ಕೆ ತಲುಪಿಸಲು ರಕ್ತ ಹೆಚ್ಚಾಗಿ ಚರ್ಮದತ್ತ ಹರಿಯಬೇಕು. ಅತ್ತ ಬೆವರಿನಿಂದ ರಕ್ತದ ನೀರು ಕಡಿಮೆಯಾಗುತ್ತಿರುತ್ತದೆ. ಕಡಿಮೆ ರಕ್ತದಲ್ಲಿ ಹೆಚ್ಚು ಕೆಲಸ ಮಾಡಲು ಹೃದಯ ಬೇಗ ಬೇಗ ಬಡಿಯುತ್ತದೆ. ಗಟ್ಟಿಮುಟ್ಟಾದವರು ತಡೆದುಕೊಂಡಾರು. ಮೊದಲೇ ಹೃದಯ ದುರ್ಬಲವಾಗಿರುವವರಿಗೆ ಬಿಸಿಲಿನ ದಿನ ಎದೆನೋವು ಬರುವುದಕ್ಕೆ ಕಾರಣ ಇದು.

ಪತ್ರಿಕೆಯ ಅಂಕಿ, ಕುರ್ಚಿಯ ಅಂಕಿ

ಪತ್ರಿಕೆಯಲ್ಲಿ ‘ಗರಿಷ್ಠ ಉಷ್ಣತೆ 38 ಡಿಗ್ರಿ’ ಎಂದು ಓದಿ, ಪರವಾಗಿಲ್ಲ ಎಂದುಕೊಂಡು ಹೊರಡುವವರಿದ್ದಾರೆ. ಈ ಅಂಕಿಯನ್ನು ಅಳೆಯುವುದು ಹೇಗೆ? ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ನೆರಳಿನಲ್ಲಿಟ್ಟ ಉಷ್ಣತಾಮಾಪಕದಿಂದ. ಅಂದರೆ ಅದು ನೆರಳಿನ ಲೆಕ್ಕ. ಕ್ರೀಡಾಂಗಣದಲ್ಲಿ ನೀವು ಕುಳಿತಿರುವುದು ಬಿಸಿಲಿನಲ್ಲಿ. ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವಾಟ್‌ನಷ್ಟು ಶಾಖವನ್ನು ಸುರಿಯುತ್ತದೆ. ಕೆಳಗೆ ಬೆಳಗಿನಿಂದ ಕಾದ ಕಾಂಕ್ರೀಟು, ಸುತ್ತಲೂ ಬೋಗುಣಿಯಂತೆ ಎದ್ದ ಗ್ಯಾಲರಿ. ಗಾಳಿ ಒಳಗೆ ಸುಳಿಯುವುದಿಲ್ಲ. ಎರಡೂ ಪಕ್ಕದಲ್ಲಿ ಮೈಗೆ ಮೈ ತಾಗಿಸಿ ಕುಳಿತವರು.

ಕಾಂಕ್ರೀಟಿಗೆ ಇನ್ನೊಂದು ಗುಣವಿದೆ. ಹಗಲಿಡೀ ಕುಡಿದ ಶಾಖವನ್ನು ಅದು ಸೂರ್ಯ ಮುಳುಗಿದ ಮೇಲೆ ನಿಧಾನವಾಗಿ ಬಿಡುತ್ತದೆ. ಆದ್ದರಿಂದ ರಾತ್ರಿಯ ಪಂದ್ಯವಾದರೆ ಭಯವಿಲ್ಲ ಎನ್ನುವಂತಿಲ್ಲ. 2024ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಮ್ಮ ತಂಡದ ಪಂದ್ಯ ನೋಡಲು ಹೋಗಿದ್ದ ನಟ ಶಾರುಕ್ ಖಾನ್ ಮರುದಿನ ಬಿಸಿಲಿನ ಬಾಧೆಯಿಂದ ಆಸ್ಪತ್ರೆ ಸೇರಿದ್ದ ಸುದ್ದಿಯನ್ನು ಓದುಗರು ಮರೆತಿರಲಾರರು. ಆ ಪಂದ್ಯ ನಡೆದದ್ದು ರಾತ್ರಿ. ಅನುಕೂಲಗಳಿಗೇನೂ ಕೊರತೆಯಿಲ್ಲದವರಿಗೇ ಹೀಗಾದರೆ ಬಿಸಿಲಿನ ಗ್ಯಾಲರಿಯಲ್ಲಿ ಕುಳಿತವರ ಪಾಡೇನು?

ತೇವ, ಬಿಸಿಲು, ಗಾಳಿ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುವ ವಿಧಾನವೊಂದು 1950ರ ದಶಕದಲ್ಲಿ ಅಮೆರಿಕದ ಸೈನಿಕರ ತರಬೇತಿಗಾಗಿ ಹುಟ್ಟಿತು. ಒದ್ದೆ ಬಟ್ಟೆ ಸುತ್ತಿದ ಒಂದು ಉಷ್ಣತಾಮಾಪಕ, ಕಪ್ಪು ಗೋಲದೊಳಗೆ ಇಟ್ಟ ಇನ್ನೊಂದು, ಸಾಮಾನ್ಯವಾದ ಮತ್ತೊಂದು. ಈ ಮೂರರಲ್ಲಿ ಒದ್ದೆಯದಕ್ಕೆ ನೂರಕ್ಕೆ 70 ಪಾಲು, ಗೋಲದ್ದಕ್ಕೆ 20, ಉಳಿದದ್ದಕ್ಕೆ 10 ಪಾಲು ಕೊಟ್ಟು ಕೂಡಿಸುತ್ತಾರೆ. ಒದ್ದೆಯದಕ್ಕೆ ಅಷ್ಟು ದೊಡ್ಡ ಪಾಲು ಏಕೆಂಬುದು ಬೆವರಿನ ವಿಷಯ ಓದಿದವರಿಗೆ ಹೇಳಬೇಕಾಗಿಲ್ಲ. ಈ ಲೆಕ್ಕ 32 ಡಿಗ್ರಿ ಮೀರಿದರೆ ಆಟದ ನಡುವೆ ನೀರು ಕುಡಿಯಲು ವಿರಾಮ ಕೊಡಬೇಕೆಂಬ ನಿಯಮವನ್ನು 2014ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಜಾರಿಗೆ ತಂದರು. ಆಸ್ಟ್ರೇಲಿಯನ್ ಓಪನ್ ಟೆನಿಸ್‌ನಲ್ಲಿ 2014ರ ಜನವರಿಯಲ್ಲಿ ಬಿಸಿಲು 43 ಡಿಗ್ರಿ ದಾಟಿದಾಗ ಆಟವನ್ನೇ ನಿಲ್ಲಿಸಿದ್ದರು. ಈ ನಿಯಮಗಳೆಲ್ಲ ಆಟಗಾರರನ್ನು ಕುರಿತವು. ನೋಡುವವರು ಯಾವಾಗ ನೆರಳಿಗೆ ಹೋಗಬೇಕು ಎಂಬುದನ್ನು ಅವರವರ ಬುದ್ಧಿಗೇ ಬಿಟ್ಟಿದ್ದಾರೆ. ಬಿಸಿಲು ಬಡಿದಾಗ ಮೊದಲು ಕೆಡುವುದೇ ಆ ಬುದ್ಧಿ.

ಯಾರು ಹೆಚ್ಚು ಜಾಗ್ರತೆ ವಹಿಸಬೇಕು?

ಅರುವತ್ತು ದಾಟಿದವರಿಗೆ ಬಾಯಾರಿಕೆಯ ಅರಿವು ಮಂದವಾಗಿರುತ್ತದೆ. ದೇಹಕ್ಕೆ ನೀರು ಬೇಕಾಗಿದ್ದರೂ ಬಾಯಿ ಕೇಳುವುದಿಲ್ಲ. ಎಳೆಯ ಮಕ್ಕಳಿಗೆ ಬೆವರುವ ಶಕ್ತಿ ಕಡಿಮೆ. ತೂಕಕ್ಕೆ ಹೋಲಿಸಿದರೆ ಅವರ ಮೈಯ ಹೊರಮೈ ಹೆಚ್ಚಾಗಿರುವುದರಿಂದ ಬಿಸಿಲಿನ ಶಾಖವನ್ನು ಬೇಗ ಹೀರಿಕೊಳ್ಳುತ್ತಾರೆ. ಎರಡು ವರ್ಷದೊಳಗಿನ ಕೂಸನ್ನು ಮಧ್ಯಾಹ್ನದ ಪಂದ್ಯಕ್ಕೆ ಎತ್ತಿಕೊಂಡು ಹೋಗುವುದನ್ನು ನಾನಂತೂ ಒಪ್ಪಲಾರೆ.

ಔಷಧಿಗಳ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಮೊದಲೇ ಕಡಿಮೆ ಮಾಡಿರುತ್ತವೆ. ಹೃದಯದ ಬಡಿತವನ್ನು ನಿಧಾನಗೊಳಿಸುವ ಮಾತ್ರೆಗಳು ಬಿಸಿಲಿನಲ್ಲಿ ಅದು ಬೇಗ ಬಡಿಯಬೇಕಾದಾಗ ತಡೆಯುತ್ತವೆ. ನೆಗಡಿ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳು, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ಬೆವರನ್ನೇ ಕಟ್ಟಿಹಾಕುತ್ತವೆ. ಹಾಗೆಂದು ಪಂದ್ಯಕ್ಕೆ ಹೋಗುವ ಉತ್ಸಾಹದಲ್ಲಿ ಮಾತ್ರೆ ಬಿಡಬಾರದು. ನಿಮ್ಮ ವೈದ್ಯರನ್ನು ಕೇಳಿ. ಅದಕ್ಕೂ ಪುರುಸೊತ್ತಿಲ್ಲದಿದ್ದರೆ ಮನೆಯಲ್ಲಿಯೇ ಕುಳಿತು ಟಿ.ವಿ.ಯಲ್ಲಿ ನೋಡಿ.

ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಬೆಂಗಳೂರಿನಲ್ಲಿ ಇದುವರೆಗಿನ ದಾಖಲೆಯ ಬಿಸಿಲೆಂದರೆ 2016ರ ಏಪ್ರಿಲ್‌ನ 39.2 ಡಿಗ್ರಿ. ಅಹಮದಾಬಾದಿಗೋ ನಾಗಪುರಕ್ಕೋ ಅದು ಸಾಮಾನ್ಯ ದಿನ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಅಂಥ ಊರಿಗೆ ಪಂದ್ಯ ನೋಡಲು ಹೋಗುವ ಹುಡುಗರು ಅಲ್ಲಿನವರ ಜೊತೆ ಸರಿಸಮಕ್ಕೆ ಬಿಸಿಲಿನಲ್ಲಿ ಕೂರುವ ಸಾಹಸ ಮಾಡಬಾರದು. ಬಿಯರ್ ಕುಡಿದರೆ ಮೈ ತಂಪಾಗುತ್ತದೆಂಬ ನಂಬಿಕೆಯೂ ತಪ್ಪು. ಮದ್ಯ ಮೂತ್ರವನ್ನು ಹೆಚ್ಚಿಸಿ ನೀರನ್ನು ಕಳೆಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬಿಸಿಲು ಬಡಿದ ಲಕ್ಷಣಗಳನ್ನು ಮರೆಮಾಡುತ್ತದೆ.

ಹೆಂಗಸರ ಕಷ್ಟ ಇನ್ನೊಂದು ಬಗೆಯದು. ಕ್ರೀಡಾಂಗಣದ ಶೌಚಾಲಯ ಹೇಗಿರುತ್ತದೋ, ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲಬೇಕೋ ಎಂಬ ಅಂಜಿಕೆಯಿಂದ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಟ್ಟು ಬರುವವರು ಬಹಳ. ನನ್ನ ಬಳಿಗೆ ತಲೆಸುತ್ತು, ಉರಿಮೂತ್ರವೆಂದು ಬರುವ ಹೆಣ್ಣುಮಕ್ಕಳನ್ನು ಕೇಳಿದಾಗ ಈ ಮಾತು ಹೊರಬೀಳುತ್ತದೆ. ಶುಚಿಯಾದ ಶೌಚಾಲಯವೂ ಬಿಸಿಲಿನಿಂದ ಕಾಪಾಡುವ ಸಾಧನವೇ ಎಂದರೆ ಪಂದ್ಯ ನಡೆಸುವವರು ನಕ್ಕಾರು. ಆದರೆ ಅದು ನಿಜ.

ಮೆಟ್ಟಿಲು ಮೆಟ್ಟಿಲಾಗಿ ಬರುವ ಕಾಯಿಲೆ

ಮೊದಲು ಕಾಲಿನ ಮೀನಖಂಡದಲ್ಲಿ, ಹೊಟ್ಟೆಯಲ್ಲಿ ಸ್ನಾಯುಗಳು ಹಿಡಿದುಕೊಳ್ಳಬಹುದು. ಬಹಳ ಹೊತ್ತು ಕುಳಿತವರು ಥಟ್ಟನೆ ಎದ್ದಾಗ ಕಣ್ಣು ಕತ್ತಲೆಯಿಟ್ಟು ಬೀಳಬಹುದು. ಮುಂದಿನ ಮೆಟ್ಟಿಲಿನಲ್ಲಿ ತಲೆನೋವು, ವಾಕರಿಕೆ, ವಿಪರೀತ ಸುಸ್ತು, ಮೈಯೆಲ್ಲ ಬೆವರು, ಬಿಳಿಚಿಕೊಂಡ ಮುಖ. ಇಲ್ಲಿಯವರೆಗೆ ವ್ಯಕ್ತಿ ನೆಟ್ಟಗೆ ಮಾತನಾಡುತ್ತಾನೆ. ಆತನನ್ನು ನೆರಳಿಗೆ ಕರೆದೊಯ್ದು, ಕಾಲು ಸ್ವಲ್ಪ ಎತ್ತರಿಸಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ, ಉಪ್ಪು ಸಕ್ಕರೆ ಬೆರೆಸಿದ ನೀರು ಗುಟುಕು ಗುಟುಕಾಗಿ ಕುಡಿಸಿದರೆ ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳುತ್ತಾನೆ. ಚೇತರಿಸಿಕೊಂಡ ಮೇಲೆ ‘ಇನ್ನು ಐದೇ ಓವರ್’ ಎಂದು ಮತ್ತೆ ಬಿಸಿಲಿಗೆ ಹೋಗಗೊಡಬಾರದು, ಅಷ್ಟೆ. ಅರ್ಧ ಗಂಟೆಯಾದರೂ ಸುಧಾರಿಸದಿದ್ದರೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೊನೆಯ ಮೆಟ್ಟಿಲು ಉಷ್ಣಾಘಾತ. ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿರುತ್ತದೆ, ಮಿದುಳು ಕೆಡಲಾರಂಭಿಸಿರುತ್ತದೆ. ಪಂದ್ಯದ ಜಾಗದಲ್ಲಿ ಉಷ್ಣತಾಮಾಪಕ ಹುಡುಕುತ್ತಾ ಕೂರಬೇಕಾಗಿಲ್ಲ. ಆತನ ಮಾತು ಕೇಳಿ. ಹೆಸರೇನು, ಎಲ್ಲಿದ್ದೀರಿ, ಆಡುತ್ತಿರುವವರು ಯಾರು ಎಂದು ಕೇಳಿದರೆ ತಡಬಡಾಯಿಸುತ್ತಾನೆ, ಸಿಡುಕುತ್ತಾನೆ, ಅಸಂಬದ್ಧವಾಗಿ ಏನೋ ಹೇಳುತ್ತಾನೆ, ತೂರಾಡುತ್ತಾನೆ. ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ‘ಬೆವರು ನಿಂತು ಮೈ ಒಣಗಿದ್ದರೆ ಮಾತ್ರ ಉಷ್ಣಾಘಾತ’ ಎಂದು ಹಳೆಯ ಪುಸ್ತಕಗಳಲ್ಲಿ ಓದಿದವರು ಅದನ್ನು ಮರೆಯಬೇಕು. ಬೆವರು ಸುರಿಯುತ್ತಿರುವಾಗಲೂ ಉಷ್ಣಾಘಾತವಾಗುತ್ತದೆ. ಬಿಸಿಲಿನಲ್ಲಿ ಮಾತು ತಪ್ಪಿದರೆ ಅದು ಉಷ್ಣಾಘಾತವೆಂದೇ ತಿಳಿದು ಮುಂದಿನ ಕೆಲಸ ನೋಡಬೇಕು.

ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ ನಿವೃತ್ತ ಶಿಕ್ಷಕರೊಬ್ಬರನ್ನು ಅವರ ಸೋದರಳಿಯ ಜೀಪಿನಲ್ಲಿ ಹಾಕಿಕೊಂಡು ನನ್ನ ಬಳಿ ತಂದ. ಊರಿನ ಕಬಡ್ಡಿ ಪಂದ್ಯಾವಳಿ ನೋಡುತ್ತ ಬೆಳಿಗ್ಗೆ ಹತ್ತರಿಂದ ಬಯಲಲ್ಲಿ ಕುಳಿತಿದ್ದರಂತೆ. ಎರಡು ಗಂಟೆಯ ಹೊತ್ತಿಗೆ ಪಕ್ಕದವರ ಮೇಲೆ ಸುಮ್ಮಸುಮ್ಮನೆ ರೇಗಿ, ತೂರಾಡುತ್ತ ಎದ್ದು ಕುಸಿದರಂತೆ. ಮೇಷ್ಟ್ರು ಎಂದೂ ಇಲ್ಲದೆ ಇಂದು ಕುಡಿದಿದ್ದಾರೆ ಎಂದು ನಾಲ್ಕು ಜನ ನಕ್ಕರಂತೆ. ಮುಖಕ್ಕೆ ಒಂದು ಚೊಂಬು ನೀರು ಚಿಮುಕಿಸಿ, ಗಾಡಿ ಹುಡುಕಲು ಓಡಿದರಂತೆ. ಗಾಡಿ ಸಿಕ್ಕಿ, ದಾರಿ ಸವೆದು ನನ್ನ ಮುಂದೆ ಮಲಗಿಸುವಾಗ ಒಂದೂವರೆ ಗಂಟೆ ಕಳೆದಿತ್ತು. ಉಷ್ಣತೆ 41 ಡಿಗ್ರಿ ದಾಟಿತ್ತು. ತಂಪು ಮಾಡಿದೆವು, ದೊಡ್ಡ ಆಸ್ಪತ್ರೆಗೂ ಕಳಿಸಿದೆವು. ಮೂತ್ರಪಿಂಡಗಳು ಕೈಕೊಟ್ಟು ಮೂರನೆಯ ದಿನ ತೀರಿಕೊಂಡರು.

ಆಮೇಲೆ ಒಂದು ದಿನ ಆ ಹುಡುಗ ಬಂದ. “ಅಂಕಣಕ್ಕ ನೀರು ಹೊಡಿಯೂ ಟ್ಯಾಂಕರ್ ಅಲ್ಲೇ ಬಾಜೂಕ ನಿಂತಿತ್ರಿ ಸಾಹೇಬ್ರ. ಮಾವನ ಮೈಮ್ಯಾಲ ಆ ನೀರು ಬಿಡಬೇಕಂತ ನಮಗ ಒಬ್ಬರಿಗೂ ಹೊಳೀಲಿಲ್ರಿ” ಎಂದ. ಅವನಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಈ ಲೇಖನ ಬರೆಯಲು ಕೂತದ್ದು ಆ ಟ್ಯಾಂಕರಿನ ನೆನಪಿನಿಂದಲೇ.

ಮೊದಲು ನೀರು, ಆಮೇಲೆ ಗಾಡಿ

ಉಷ್ಣಾಘಾತದಲ್ಲಿ ರೋಗಿಯನ್ನು ಉಳಿಸುವುದು ಅಥವಾ ಕೊಲ್ಲುವುದು ದೇಹ ಎಷ್ಟು ಹೊತ್ತು ಕುದಿಯಿತು ಎಂಬುದು. ಮೊದಲ ಅರ್ಧ ಗಂಟೆಯೊಳಗೆ ಉಷ್ಣತೆ ಇಳಿದರೆ ಬಹುಪಾಲು ಜನ ಬದುಕುತ್ತಾರೆ. ತಡವಾದಷ್ಟೂ ಮಿದುಳು, ಯಕೃತ್ತು, ಮೂತ್ರಪಿಂಡಗಳು ಒಂದೊಂದಾಗಿ ಬೇಯುತ್ತವೆ. ಆದ್ದರಿಂದ ಒಬ್ಬರು 108ಕ್ಕೆ ಫೋನ್ ಮಾಡುತ್ತಿರುವಾಗಲೇ ಉಳಿದವರು ತಂಪು ಮಾಡಲು ಶುರು ಮಾಡಬೇಕು. ಗಾಡಿ ಬರಲೆಂದು ಕಾಯಬಾರದು.

ರೋಗಿಯನ್ನು ನೆರಳಿಗೆ ಎಳೆದು ಮಲಗಿಸಿ. ಅಂಗಿ, ಬೂಟು, ಬೆಲ್ಟು ಬಿಚ್ಚಿ. ಹೆಂಗಸರಾದರೆ ನಾಲ್ಕು ಜನ ಸೀರೆಯನ್ನೋ ಬ್ಯಾನರನ್ನೋ ಮರೆಗೆ ಹಿಡಿಯಿರಿ. ಸಂಕೋಚಕ್ಕೆ ಪ್ರಾಣ ಕಳೆಯುವುದು ಬೇಡ. ಮೂಗು ಬಾಯಿಗೆ ಹೋಗದಂತೆ ನೋಡಿಕೊಂಡು ಕುತ್ತಿಗೆಯಿಂದ ಪಾದದವರೆಗೆ ನೀರು ಸುರಿಯಿರಿ. ಐಸ್ ನೀರೇ ಆಗಬೇಕೆಂದಿಲ್ಲ, ನಲ್ಲಿಯ ನೀರು ಸಾಕು. ಸುರಿಯುತ್ತಲೇ ಇರಿ, ಬೀಸುತ್ತಲೇ ಇರಿ. ಬೌಂಡರಿ ಹೋದಾಗ ಎತ್ತಿ ಹಿಡಿಯಲು ಹಂಚುವ ‘4’, ‘6’ರ ರಟ್ಟುಗಳಿಗಿಂತ ಒಳ್ಳೆಯ ಬೀಸಣಿಗೆ ಬೇಕೆ? ನೀರಿಲ್ಲದೆ ಬರಿದೆ ಬೀಸಿದರೆ ಮಾತ್ರ ಬಿಸಿಗಾಳಿಯನ್ನೇ ಊದಿದಂತಾಗುತ್ತದೆ. ಒದ್ದೆ ಕಂಬಳಿ, ದಪ್ಪ ಟವೆಲನ್ನು ಮೈಮೇಲೆ ಹೊದಿಸಿ ಹಾಗೆಯೇ ಬಿಟ್ಟರೂ ಬೇಗ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಬಟ್ಟೆ ಹಾಕುವುದಾದರೆ ತೆಳುವಾದದ್ದನ್ನು ಹಾಕಿ, ಎರಡೆರಡು ನಿಮಿಷಕ್ಕೆ ಮತ್ತೆ ನೆನೆಸಿ. ತಂಪು ಪಾನೀಯ ಮಾರುವವರ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇದ್ದೇ ಇರುತ್ತದೆ. ಅದನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಯ ಎರಡು ಪಕ್ಕ, ಕಂಕುಳು, ತೊಡೆಸಂದುಗಳಲ್ಲಿ ಇಡಿ. ದೊಡ್ಡ ರಕ್ತನಾಳಗಳು ಚರ್ಮಕ್ಕೆ ಹತ್ತಿರವಾಗಿರುವ ಜಾಗಗಳು ಅವು. ರೋಗಿಯನ್ನು ಕೂರಿಸಿ ಮುಳುಗಿಸುವಷ್ಟು ದೊಡ್ಡ ನೀರಿನ ತೊಟ್ಟಿ ಇದ್ದರೆ ಇನ್ನೂ ಒಳ್ಳೆಯದು, ಆದರೆ ಒಬ್ಬರು ತಲೆಯನ್ನು ಹಿಡಿದೇ ಇರಬೇಕು. ಮೈ ನಡುಗಲಾರಂಭಿಸಿ, ಮಾತು ನೆಟ್ಟಗಾದರೆ ನಿಲ್ಲಿಸಬಹುದು. ನಿಲ್ಲಿಸಿದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಮಾಡಬಾರದ ಕೆಲಸಗಳೂ ಇವೆ. ಎಚ್ಚರ ಪೂರ್ತಿ ಇಲ್ಲದವರ ಬಾಯಿಗೆ ನೀರು, ಸೋಡ, ಕಾಫಿ ಏನನ್ನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥವರನ್ನು ಮಗ್ಗುಲಾಗಿ ಮಲಗಿಸಿ. ಜ್ವರವೆಂದು ತಿಳಿದು ಪ್ಯಾರಾಸಿಟಮಾಲ್ ಕೊಡುವುದರಿಂದ ಉಪಯೋಗವಿಲ್ಲ. ಜ್ವರದಲ್ಲಿ ಮಿದುಳೇ ಉಷ್ಣತೆಯನ್ನು ಏರಿಸಿರುತ್ತದೆ, ಮಾತ್ರೆ ಅಲ್ಲಿ ಕೆಲಸ ಮಾಡುತ್ತದೆ. ಇಲ್ಲಿ ಶಾಖ ಹೊರಗಿನಿಂದ ಬಂದದ್ದು. ಮೊದಲೇ ಬೆಂದ ಯಕೃತ್ತಿಗೆ ಆ ಮಾತ್ರೆ ಇನ್ನೊಂದು ಹೊರೆ. ಆಸ್ಪಿರಿನ್ ಕೂಡ ಬೇಡ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯದೇ ಎಂದು ಓದುಗರು ಆಗಾಗ ಕೇಳುತ್ತಾರೆ. ಜೇಬಿನ ಈರುಳ್ಳಿಯಿಂದ ತೊಂದರೆಯಿಲ್ಲ. ಅದನ್ನು ನಂಬಿ ನೀರಿನ ಬಾಟಲಿ ಬಿಟ್ಟು ಹೋದರೆ ತೊಂದರೆ.

ಹೊರಡುವ ಮುನ್ನ

ಟಿಕೆಟ್ ಕೊಳ್ಳುವಾಗಲೇ ದಿಕ್ಕು ನೋಡಿ. ಮಧ್ಯಾಹ್ನ ಮೂರೂವರೆಗೆ ಆರಂಭವಾಗುವ ಪಂದ್ಯದಲ್ಲಿ ಪೂರ್ವದ ಗ್ಯಾಲರಿಯಲ್ಲಿ ಕುಳಿತವರ ಮುಖಕ್ಕೆ ಸೂರ್ಯ ಮುಳುಗುವವರೆಗೂ ಬಿಸಿಲು. ಪಶ್ಚಿಮದ ಗ್ಯಾಲರಿಯಲ್ಲಿ ಸೂರ್ಯ ಬೆನ್ನಿಗಿರುತ್ತಾನೆ, ನೆರಳು ಬೇಗ ಬರುತ್ತದೆ. ಮೇಲೆ ಚಾವಣಿ ಇದೆಯೋ ಇಲ್ಲವೋ ಎಂಬುದನ್ನೂ ವಿಚಾರಿಸಿ. ಚಾವಣಿ ಇರುವ ಕಡೆ ದರ ಹೆಚ್ಚು. ನೆರಳನ್ನೂ ದುಡ್ಡಿಗೆ ಮಾರುವ ಈ ಪದ್ಧತಿ ನನಗೆ ಹಿಡಿಸುವುದಿಲ್ಲ. ಆದರೂ ಹಿರಿಯರು ಜೊತೆಗಿದ್ದರೆ ಆ ಹೆಚ್ಚಿನ ಹಣ ಕೊಡುವುದೇ ಲೇಸು.

ಬಾಯಾರುವ ತನಕ ಕಾಯದೆ ಮನೆಯಿಂದ ಹೊರಡುವಾಗಲೇ ಎರಡು ಲೋಟ ನೀರು ಕುಡಿಯಿರಿ. ಬಿಸಿಲಲ್ಲಿ ಕುಳಿತಿರುವಷ್ಟು ಹೊತ್ತು ಅರ್ಧ ಗಂಟೆಗೊಮ್ಮೆ ಒಂದು ಲೋಟ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ, ಎಳನೀರು ಎಲ್ಲವೂ ಒಳ್ಳೆಯವೇ. ಮನೆಯಲ್ಲಿ ಮಾಡಿಕೊಳ್ಳುವುದಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಮಚವೆಂದರೆ ಚಹಾ ಚಮಚ. ಓಆರ್‌ಎಸ್ ಪುಡಿಯನ್ನು ಕೊಳ್ಳುವುದಾದರೆ ಔಷಧಿ ಅಂಗಡಿಯ ಪೊಟ್ಟಣವನ್ನೇ ಕೊಳ್ಳಿ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿತು. ಉಪ್ಪಿನ ಮಾತ್ರೆಗಳು ಬೇಡ. ಹೃದಯ, ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ಮಧ್ಯಾಹ್ನದ ಪಂದ್ಯಕ್ಕೆ ಹೋಗದಿರುವುದೇ ಸರಿ.

ತಿಳಿ ಬಣ್ಣದ, ಸಡಿಲವಾದ ಹತ್ತಿಯ ಬಟ್ಟೆ, ಅಗಲವಾದ ಅಂಚಿನ ಟೋಪಿ, ಒಂದು ಒದ್ದೆ ಕರವಸ್ತ್ರ. ತಂಡದ ಜೆರ್ಸಿ ತೊಡಲೇಬೇಕೆಂದು ಮಕ್ಕಳು ಹಟ ಹಿಡಿದರೆ ಸಂಜೆ ಬಿಸಿಲು ಇಳಿದ ಮೇಲೆ ಹಾಕಿಕೊಳ್ಳಲಿ. ಇಬ್ಬಿಬ್ಬರು ಒಬ್ಬರನ್ನೊಬ್ಬರು ಗಮನಿಸುತ್ತಿರಿ. ಗದ್ದಲ ಮಾಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಸುಮ್ಮನಾದರೆ ಆಟ ಬೇಸರವಾಗಿದೆ ಎಂದುಕೊಳ್ಳಬೇಡಿ.

ನಡೆಸುವವರಿಗೆ ಎರಡು ಮಾತು

ಕ್ರೀಡಾಂಗಣದೊಳಕ್ಕೆ ನೀರಿನ ಬಾಟಲಿ ಬಿಡದಿರುವುದಕ್ಕೆ ಕಾರಣವಿದೆ. 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಜನ ಬಾಟಲಿ ಎಸೆದು, ಬೆಂಕಿ ಹಚ್ಚಿ, ಪಂದ್ಯವನ್ನೇ ನಿಲ್ಲಿಸಿದ್ದನ್ನು ಮರೆಯುವಂತಿಲ್ಲ. ಆದರೆ ಬಾಗಿಲಲ್ಲಿ ನೀರು ಕಿತ್ತುಕೊಂಡವರು ಒಳಗೆ ನೀರು ಕೊಡುವ ಹೊಣೆಯನ್ನೂ ಹೊರಬೇಕು. ಮಾರುವ ನೀರಲ್ಲ, ಪುಕ್ಕಟೆ ನೀರು. ಅದೂ ನೂರು ಜನರ ಸಾಲಿನ ಕೊನೆಯಲ್ಲಲ್ಲ, ಪ್ರತಿ ಗ್ಯಾಲರಿಯಲ್ಲಿ. 2023ರ ನವೆಂಬರ್‌ನಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸಂಗೀತ ಕಾರ್ಯಕ್ರಮ ನೋಡಲು ಬಂದಿದ್ದ 23 ವರ್ಷದ ಯುವತಿ ಸೆಕೆಗೆ ಬಲಿಯಾದಳು. ಹೊರಗಿನಿಂದ ನೀರು ತರಲು ಬಿಟ್ಟಿರಲಿಲ್ಲವೆಂದು ಬಂದವರು ದೂರಿದರು. ಮರುದಿನವೇ ಅಲ್ಲಿನ ಸರ್ಕಾರ ಇಂಥ ಕಾರ್ಯಕ್ರಮಗಳಿಗೆ ನೀರು ಒಯ್ಯಲು ಬಿಡಬೇಕು, ಒಳಗೆ ಪುಕ್ಕಟೆ ನೀರು ಕೊಡಬೇಕು ಎಂದು ಅಪ್ಪಣೆ ಮಾಡಿತು. ಒಂದು ಸಾವಿಗೆ ಮುಂಚೆಯೇ ಅದನ್ನು ಮಾಡಬಹುದಿತ್ತು.

ಕತಾರಿನಲ್ಲಿ 2022ರ ವಿಶ್ವಕಪ್ ಫುಟ್‌ಬಾಲನ್ನು ವಾಡಿಕೆಯ ಜೂನ್–ಜುಲೈ ಬಿಟ್ಟು ನವೆಂಬರ್–ಡಿಸೆಂಬರ್‌ಗೆ ಹಾಕಿದರು. ಹಲವು ಕ್ರೀಡಾಂಗಣಗಳಲ್ಲಿ ಕುರ್ಚಿಗಳ ಕೆಳಗಿನಿಂದ ತಂಪು ಗಾಳಿ ಬಿಟ್ಟರು. ಅಷ್ಟು ಹಣ ನಮ್ಮಲ್ಲಿಲ್ಲ ಎನ್ನಬಹುದು. ವೇಳೆ ಬದಲಿಸಲು ಹಣ ಬೇಡ. 2025ರ ಏಷ್ಯಾ ಕಪ್ ಕ್ರಿಕೆಟ್‌ನಲ್ಲಿ ಸೆಕೆಯ ಕಾರಣದಿಂದಲೇ ಪಂದ್ಯಗಳನ್ನು ಅರ್ಧ ಗಂಟೆ ತಡವಾಗಿ ಆರಂಭಿಸಿದರು. ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬಿರುಬೇಸಿಗೆಯ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿಯಿದೆ. ಗುಮಾಸ್ತರಿಗೆ ಸಲ್ಲುವ ವಿವೇಕ ಕಬಡ್ಡಿ ನೋಡಲು ಬಂದವರಿಗೆ ಏಕೆ ಸಲ್ಲಬಾರದು? ಬೆಳಿಗ್ಗೆ ಏಳರಿಂದ ಹತ್ತೂವರೆ, ಮತ್ತೆ ಸಂಜೆ ಐದರ ನಂತರ ಪಂದ್ಯ ಇಟ್ಟುಕೊಂಡರೆ ಟ್ರೋಫಿಯ ಬೆಲೆಯೇನೂ ಇಳಿಯುವುದಿಲ್ಲ. ಒಂದು ಶಾಮಿಯಾನ, ಎರಡು ಡ್ರಮ್ಮು ಕುಡಿಯುವ ನೀರು, ಮೈಮೇಲೆ ಸುರಿಯಲು ಒಂದು ಟ್ಯಾಂಕರು, ಸುರಿಯಬೇಕೆಂದು ತಿಳಿದ ನಾಲ್ವರು ಸ್ವಯಂಸೇವಕರು. ಮೈಕಿನಲ್ಲಿ ಸ್ಕೋರ್ ಹೇಳುವವರು ಅರ್ಧ ಗಂಟೆಗೊಮ್ಮೆ ‘ನೀರು ಕುಡಿಯಿರಿ, ಪಕ್ಕದವರನ್ನು ನೋಡಿಕೊಳ್ಳಿ’ ಎಂದು ಕೂಗಿದರೆ ಅದಕ್ಕೂ ಖರ್ಚಿಲ್ಲ.

ಪಂದ್ಯ ಮುಗಿಸಿ ಮನೆಗೆ ಬಂದ ಮೇಲೆ ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹಳದಿಯಾಗಿದ್ದರೆ ಸರಿ. ಗಾಢವಾಗಿದ್ದರೆ ನೀರು ಸಾಲದು, ಮಲಗುವವರೆಗೂ ಕುಡಿಯುತ್ತಿರಿ. ಚಹಾದ ಡಿಕಾಕ್ಷನ್ನಿನಂತೆ ಕಂದಾಗಿದ್ದರೆ, ಅಥವಾ ಎಂಟು ಗಂಟೆಗಳಾದರೂ ಮೂತ್ರವೇ ಬಾರದಿದ್ದರೆ ಬೆಳಗಾಗಲೆಂದು ಕಾಯದೆ ಅಂದು ರಾತ್ರಿಯೇ ವೈದ್ಯರ ಬಳಿ ಹೋಗಿ.